ಒಳರೋಗಿಗಳ ಕೈಯಲ್ಲಿನ ಕ್ಯಾನುಲಾ: ತೊಡಕುಗಳು ಉಂಟಾಗುವ ಬಗೆ ಮತ್ತು ತಡೆಗಟ್ಟುವ ಕ್ರಮಗಳು

ಆಸ್ಪತ್ರೆಗೆ ಒಳರೋಗಿಯಾಗಿ ದಾಖಲಾದವರಲ್ಲಿ ಬಹುತೇಕರ ಕೈಗೆ ಮೊದಲ ಕೆಲವು ಗಂಟೆಗಳಲ್ಲಿಯೇ ಕ್ಯಾನುಲಾ ಅಳವಡಿಸಲಾಗುತ್ತದೆ. ಔಷಧ, ದ್ರಾವಣ ಹಾಗೂ ರಕ್ತವನ್ನು ನೇರವಾಗಿ ರಕ್ತನಾಳಕ್ಕೆ ನೀಡಲು ಬಳಸುವ ಈ ಸಣ್ಣ ನಳಿಕೆಯು ಇಂದಿನ ಚಿಕಿತ್ಸೆಯಲ್ಲಿ ಅತ್ಯಂತ ಸಾಮಾನ್ಯವಾದ ಸಾಧನವಾಗಿದೆ. ಸಾಮಾನ್ಯವಾದುದು ಎಂಬ ಕಾರಣದಿಂದಲೇ ಅದು ಗಮನದಿಂದ ಜಾರಿಹೋಗುವುದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯು 2024ರ ಮೇ ತಿಂಗಳಿನಲ್ಲಿ ಈ ವಿಷಯಕ್ಕೆಂದೇ ಪ್ರತ್ಯೇಕ ಮಾರ್ಗಸೂಚಿಯನ್ನು ಹೊರಡಿಸಿ, 14 ಉತ್ತಮ ಕಾರ್ಯಪದ್ಧತಿಗಳನ್ನು ಮತ್ತು 23 ಶಿಫಾರಸುಗಳನ್ನು ಅದರಲ್ಲಿ ಸೇರಿಸಿತು. ಒಳರೋಗಿಗಳಲ್ಲಿ ಶೇಕಡ 70ರಷ್ಟು ಜನರಿಗೆ ಒಂದಿಲ್ಲೊಂದು ಹಂತದಲ್ಲಿ ಇಂತಹ ನಳಿಕೆಯ ಅಗತ್ಯ ಬೀಳಬಹುದೆಂದು ಆ ಸಂದರ್ಭದಲ್ಲಿ ಸಂಸ್ಥೆಯು ತಿಳಿಸಿತ್ತು.

ಅದೇ ವರ್ಷದ ನವೆಂಬರ್ ತಿಂಗಳಿನಲ್ಲಿ ಬಳ್ಳಾರಿಯಲ್ಲಿ ಶಸ್ತ್ರಚಿಕಿತ್ಸೆಯ ಮೂಲಕ ಹೆರಿಗೆಯಾದ ತಾಯಂದಿರು ಮರಣಹೊಂದಿದ ಪ್ರಕರಣವು ರಾಜ್ಯದ ಜನತೆಯನ್ನು ತೀವ್ರವಾಗಿ ಕಲಕಿತು. ರಕ್ತನಾಳದ ಮೂಲಕ ನೀಡಲಾದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಬಗ್ಗೆ ಸಂಶಯ ವ್ಯಕ್ತವಾಗಿ, ಸಂಬಂಧಿಸಿದ ದ್ರಾವಣದ ಬಳಕೆಯನ್ನು ರಾಜ್ಯದಲ್ಲಿ ತಡೆಹಿಡಿಯಲಾಯಿತು. ಅಂದಿನಿಂದ ಬಾಟಲಿಯೊಳಗೆ ಏನಿದೆ ಎಂಬುದರ ಬಗ್ಗೆ ಸಾರ್ವಜನಿಕರಲ್ಲಿ ಎಚ್ಚರ ಮೂಡಿದೆ. ಇದು ಸ್ವಾಗತಾರ್ಹ. ಆದರೆ ಬಾಟಲಿಯ ದೋಷವು ಅಪರೂಪದ್ದು. ಬಾಟಲಿಯಿಂದ ಇಳಿದ ಕೊಳವೆಯು ಚರ್ಮವನ್ನು ಪ್ರವೇಶಿಸುವ ಜಾಗದಲ್ಲಿ ಉಂಟಾಗುವ ತೊಂದರೆಗಳು ಪ್ರತಿ ವಾರ್ಡಿನಲ್ಲಿಯೂ ಪ್ರತಿ ದಿನವೂ ಕಂಡುಬರುವಂತಹವು, ಮತ್ತು ಅವುಗಳಲ್ಲಿ ಹೆಚ್ಚಿನವು ತಡೆಯಬಹುದಾದವು. ಈ ಎರಡನೆಯದರ ಕಡೆಗೆ ಅಷ್ಟೇ ಗಮನ ಹರಿದಿದೆಯೆಂದು ಹೇಳಲಾಗದು.

ಕ್ಯಾನುಲಾ ಎಂದರೇನು

ಕೈಯೊಳಗೆ ಸೂಜಿ ಇದೆಯೆಂಬ ಭಾವನೆಯಿಂದ ಅನೇಕ ರೋಗಿಗಳು ದಿನವಿಡೀ ಕೈಯನ್ನು ಅಲುಗಾಡಿಸದೆ ಮಲಗಿರುತ್ತಾರೆ. ವಾಸ್ತವದಲ್ಲಿ ಸೂಜಿಯು ನಳಿಕೆಯನ್ನು ರಕ್ತನಾಳದೊಳಗೆ ಸೇರಿಸಲು ಮಾತ್ರ ಬಳಕೆಯಾಗುತ್ತದೆ. ನಂತರ ಸೂಜಿಯನ್ನು ಹಿಂತೆಗೆದು, ಮೃದುವಾದ ಪ್ಲಾಸ್ಟಿಕ್ ನಳಿಕೆಯನ್ನಷ್ಟೇ ಒಳಗೆ ಉಳಿಸಲಾಗುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ 1950ರ ಸುಮಾರಿಗೆ ಡೇವಿಡ್ ಮಾಸ್ಸಾ ಎಂಬ ವೈದ್ಯರು ರೂಪಿಸಿದ ಸಾಧನವು ಇಂದಿನ ಕ್ಯಾನುಲಾಗಳ ಪೂರ್ವರೂಪವಾಗಿದೆ. ಅದಕ್ಕೂ ಮೊದಲು ಲೋಹದ ಸೂಜಿಯೇ ಕೈಯಲ್ಲಿ ಉಳಿಯುತ್ತಿತ್ತು. ಹಿರಿಯರ ಭಯಕ್ಕೆ ಆ ಕಾಲದ ನೆನಪೂ ಕಾರಣವಿರಬಹುದು. ಕ್ಯಾನುಲಾದ ಮುಚ್ಚಳದ ಬಣ್ಣವು ಅದರ ಗಾತ್ರವನ್ನು ಸೂಚಿಸುತ್ತದೆ: ಹಸಿರು 18, ಗುಲಾಬಿ 20, ನೀಲಿ 22, ಹಳದಿ 24. ಸಂಖ್ಯೆ ಹೆಚ್ಚಾದಂತೆ ನಳಿಕೆಯು ಸಣ್ಣದಾಗುತ್ತದೆ. ಅಪಘಾತ ಅಥವಾ ತೀವ್ರ ರಕ್ತಸ್ರಾವದಲ್ಲಿ ದಪ್ಪ ನಳಿಕೆ ಬೇಕು. ಸಾಧಾರಣ ಚಿಕಿತ್ಸೆಗೆ, ಕೆಲಸ ಸಾಗುವಷ್ಟು ಸಣ್ಣದೇ ಉತ್ತಮ, ಏಕೆಂದರೆ ಅದರ ಸುತ್ತ ರಕ್ತವು ಸರಾಗವಾಗಿ ಹರಿದು ನಾಳದ ಗೋಡೆಗೆ ಘರ್ಷಣೆ ಕಡಿಮೆಯಾಗುತ್ತದೆ.

ಅಳವಡಿಸಿದ ಕ್ಯಾನುಲಾಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಚಿಕಿತ್ಸೆ ಮುಗಿಯುವ ಮೊದಲೇ ಕೆಡುತ್ತವೆಂದು ಹಲವು ದೇಶಗಳ ಅಧ್ಯಯನಗಳು ತಿಳಿಸುತ್ತವೆ. ಕೆಡುವ ಬಗೆಗಳು ಬೇರೆ ಬೇರೆ. ರಕ್ತನಾಳದ ಒಳಗೋಡೆ ಕೆರಳಿ ನೋವು, ಕೆಂಪು, ಬಾವು ಕಾಣಿಸಿಕೊಳ್ಳುವುದು ಮೊದಲನೆಯದು. ತೀವ್ರವಾದಾಗ ನಾಳವು ಹಗ್ಗದಂತೆ ಗಟ್ಟಿಯಾಗಿ ಕೈಗೆ ಸಿಗುತ್ತದೆ. ನಳಿಕೆಯು ನಾಳದಿಂದ ಜಾರಿ, ದ್ರಾವಣವು ಸುತ್ತಲಿನ ಮಾಂಸಕ್ಕೆ ಸೋರುವುದು ಎರಡನೆಯದು. ಸಾಧಾರಣ ಲವಣದ್ರಾವಣವಾದರೆ ಬಾವು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಆದರೆ ಕ್ಯಾಲ್ಸಿಯಂ, ರಕ್ತದೊತ್ತಡ ಏರಿಸುವ ಔಷಧಗಳು, ಕೆಲವು ಕ್ಯಾನ್ಸರ್ ಔಷಧಗಳು ಸೋರಿದಲ್ಲಿ ಚರ್ಮವೇ ಕೊಳೆತು, ಶಸ್ತ್ರಚಿಕಿತ್ಸೆ ಬೇಕಾಗಬಹುದು. ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟಿ ಮುಚ್ಚಿಕೊಳ್ಳುವುದು, ಅಂಟುಪಟ್ಟಿ ಸಡಿಲವಾಗಿ ಕಳಚಿಕೊಳ್ಳುವುದು ಉಳಿದ ಸಾಮಾನ್ಯ ತೊಂದರೆಗಳು. ಇವೆಲ್ಲಕ್ಕಿಂತ ವಿರಳವಾದರೂ ಅತ್ಯಂತ ಗಂಭೀರವಾದುದು ಸೋಂಕು. ಚರ್ಮದ ಮೇಲೆ ಸಹಜವಾಗಿಯೇ ವಾಸಿಸುವ ಸ್ಟ್ಯಾಫಿಲೊಕಾಕಸ್‌ನಂತಹ ರೋಗಾಣುಗಳಿಗೆ ನಳಿಕೆಯು ನೇರವಾಗಿ ರಕ್ತಕ್ಕೆ ಇಳಿಯುವ ದಾರಿಯಾಗುತ್ತದೆ. ಹಾಗೆ ಇಳಿದ ರೋಗಾಣುವು ಹೃದಯದ ಕವಾಟದಲ್ಲಿಯೋ ಮೂಳೆಯಲ್ಲಿಯೋ ನೆಲೆಗೊಂಡು, ತಿಂಗಳುಗಟ್ಟಲೆ ಚಿಕಿತ್ಸೆ ಬೇಡಬಹುದು. ಆಸ್ಪತ್ರೆಯಲ್ಲಿ ತಗಲಿದ ಸೋಂಕಿನಿಂದ ನಂಜೇರಿದವರಲ್ಲಿ ಶೇಕಡ 24.4ರಷ್ಟು ಜನರು ಮರಣಹೊಂದಿದರೆಂದು 2000ದಿಂದ 2018ರವರೆಗಿನ ಅಂಕಿ-ಅಂಶಗಳನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಈ ಸಂಖ್ಯೆಯು ಎಲ್ಲ ಬಗೆಯ ಆಸ್ಪತ್ರೆ ಸೋಂಕುಗಳಿಗೆ ಸಂಬಂಧಿಸಿದ್ದು, ಕ್ಯಾನುಲಾ ಒಂದಕ್ಕೇ ಅನ್ವಯಿಸುವುದಲ್ಲ. ಆದರೂ ನಂಜು ಎಂಬುದು ಎಷ್ಟು ಘೋರವಾದುದೆಂಬುದಕ್ಕೆ ಇದು ಸಾಕ್ಷಿಯಾಗಿದೆ.

ಮೂರು ದಿನಗಳ ನಿಯಮ ಮತ್ತು ಅದರ ಸುತ್ತಲಿನ ಚರ್ಚೆ

ಕ್ಯಾನುಲಾವನ್ನು ಎಷ್ಟು ದಿನಗಳಿಗೊಮ್ಮೆ ಬದಲಾಯಿಸಬೇಕೆಂಬುದು ಸಾರ್ವಜನಿಕರು ಹೆಚ್ಚಾಗಿ ಕೇಳುವ ಪ್ರಶ್ನೆ. ಮೂರು ದಿನಗಳಿಗೊಮ್ಮೆ ಬದಲಾಯಿಸಲೇಬೇಕೆಂಬುದು ಬಹುಕಾಲದ ರೂಢಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2011ರ ಮಾರ್ಗಸೂಚಿಯು ವಯಸ್ಕರಲ್ಲಿ 72ರಿಂದ 96 ಗಂಟೆಗಳಿಗಿಂತ ಹೆಚ್ಚು ಬಾರಿ ಬದಲಾಯಿಸುವ ಅಗತ್ಯವಿಲ್ಲವೆಂದೂ, ಮಕ್ಕಳಲ್ಲಿ ತೊಂದರೆ ಕಂಡಾಗ ಮಾತ್ರ ಬದಲಾಯಿಸಬೇಕೆಂದೂ ಹೇಳಿತು. ಮರುವರ್ಷ, ಅಂದರೆ 2012ರಲ್ಲಿ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದ ಮೂರು ಆಸ್ಪತ್ರೆಗಳಲ್ಲಿ 3,283 ರೋಗಿಗಳ ಮೇಲೆ ನಡೆಸಿದ ಅಧ್ಯಯನದ ಫಲಿತಾಂಶ ಪ್ರಕಟವಾಯಿತು. ಮೂರನೆಯ ದಿನ ಕಡ್ಡಾಯವಾಗಿ ಬದಲಾಯಿಸಿದವರಲ್ಲಿಯೂ, ತೊಂದರೆಯ ಲಕ್ಷಣ ಕಂಡಾಗ ಮಾತ್ರ ಬದಲಾಯಿಸಿದವರಲ್ಲಿಯೂ ನಾಳದ ಉರಿಯೂತದ ಪ್ರಮಾಣ ಶೇಕಡ 7 ಇತ್ತು. ಎಂದ ಮೇಲೆ, ಚೆನ್ನಾಗಿರುವ ಕ್ಯಾನುಲಾವನ್ನು ಕಿತ್ತು ರೋಗಿಯನ್ನು ಮತ್ತೊಮ್ಮೆ ಚುಚ್ಚುವುದರಿಂದ ಲಾಭವೇನು ಎಂಬ ಪ್ರಶ್ನೆ ಎದ್ದಿತು. ಹಲವು ದೇಶಗಳು ಹಳೆಯ ನಿಯಮವನ್ನು ಕೈಬಿಟ್ಟವು.

ಸ್ವಿಟ್ಜರ್ಲೆಂಡಿನ ಜಿನೀವಾ ವಿಶ್ವವಿದ್ಯಾಲಯದ ಆಸ್ಪತ್ರೆಗಳೂ 2018ರಲ್ಲಿ ಹಾಗೆಯೇ ಮಾಡಿದವು. ಅಲ್ಲಿ ಆದದ್ದು ಬೇರೆ. ಒಟ್ಟು 1,64,331 ರೋಗಿಗಳ 4,12,631 ಕ್ಯಾನುಲಾಗಳ ದಾಖಲೆಗಳನ್ನು ಪರಿಶೀಲಿಸಿದಾಗ, ನಿಗದಿತ ಅವಧಿಗೆ ಬದಲಾಯಿಸುತ್ತಿದ್ದ ಕಾಲದಲ್ಲಿ 11 ಇದ್ದ ರಕ್ತಸೋಂಕಿನ ಪ್ರಕರಣಗಳು, ಆ ಪದ್ಧತಿಯನ್ನು ಕೈಬಿಟ್ಟ ಕಾಲದಲ್ಲಿ 46ಕ್ಕೆ ಏರಿದ್ದವು. 2019ರಲ್ಲಿ ಹಳೆಯ ಪದ್ಧತಿಗೇ ಮರಳಿದ ಮೇಲೆ ಸೋಂಕು ಇಳಿಯಿತು. ಈ ವರದಿ 2021ರಲ್ಲಿ ಪ್ರಕಟವಾಯಿತು.

ಎರಡು ಅಧ್ಯಯನಗಳೂ ಪ್ರಾಮಾಣಿಕವಾದವು. ಎರಡರ ಫಲಿತಾಂಶಗಳು ಮೇಲ್ನೋಟಕ್ಕೆ ಪರಸ್ಪರ ವಿರುದ್ಧ. ಇವನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಅಂಶ ಎದ್ದು ಕಾಣುತ್ತದೆ. ಆಸ್ಟ್ರೇಲಿಯಾದ್ದು ಸಂಶೋಧನೆಗೆಂದೇ ನಡೆದ ಪ್ರಯೋಗವಾದ್ದರಿಂದ ಅಲ್ಲಿ ಕ್ಯಾನುಲಾಗಳ ಮೇಲೆ ಕಣ್ಣಿತ್ತು. ಜಿನೀವಾದ್ದು ದಿನನಿತ್ಯದ ಆಸ್ಪತ್ರೆಯ ವ್ಯವಹಾರ. 'ತೊಂದರೆ ಕಂಡಾಗ ಬದಲಾಯಿಸಿ' ಎಂಬ ನಿಯಮವು 'ಪ್ರತಿ ಪಾಳಿಯಲ್ಲಿಯೂ ನೋಡಿ' ಎಂಬ ಇನ್ನೊಂದು ನಿಯಮದ ಮೇಲೆ ನಿಂತಿದೆ. ನೋಡುವವರಿದ್ದಲ್ಲಿ ಅದು ರೋಗಿಗೆ ಅನುಕೂಲ. ನೋಡುವವರಿಲ್ಲದ ಕಡೆ ಅದು ಕ್ಯಾನುಲಾವನ್ನು ಮರೆಯಲು ಸಿಕ್ಕ ಅನುಮತಿಯಂತಾಗುತ್ತದೆ. ಒಬ್ಬ ಶುಶ್ರೂಷಾಧಿಕಾರಿಯು ರಾತ್ರಿಪಾಳಿಯಲ್ಲಿ ಇಡೀ ವಾರ್ಡನ್ನು ನೋಡಿಕೊಳ್ಳಬೇಕಾದ ಆಸ್ಪತ್ರೆಗಳಲ್ಲಿ ಗಡಿಯಾರದ ನಿಯಮವನ್ನು ಅವಸರದಿಂದ ಕೈಬಿಡುವುದು ಸೂಕ್ತವಲ್ಲ. ದಿನಾಂಕವೇ ಬರೆಯದ ಕಡೆ ಗಡಿಯಾರದ ನಿಯಮವೂ ನಡೆಯದು ಎಂಬುದು ಬೇರೆ ಮಾತು.

ದಿನಾಂಕ ಬರೆಯದಿರುವುದು ನಮ್ಮಲ್ಲಿ ಮಾತ್ರ ಇರುವ ದೋಷವೇನೂ ಅಲ್ಲ. 51 ದೇಶಗಳ 406 ಆಸ್ಪತ್ರೆಗಳಲ್ಲಿ 40,620 ಕ್ಯಾನುಲಾಗಳನ್ನು ಪರಿಶೀಲಿಸಿದ, 2018ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಅರ್ಧದಷ್ಟಕ್ಕೆ ಅಳವಡಿಸಿದ ದಿನಾಂಕ ಮತ್ತು ವೇಳೆಯ ದಾಖಲೆಯೇ ಇರಲಿಲ್ಲ. ಐದರಲ್ಲಿ ಒಂದರ ಪಟ್ಟಿಯು ಸಡಿಲವಾಗಿಯೋ ಒದ್ದೆಯಾಗಿಯೋ ಬೇರೆ ರೀತಿಯಲ್ಲಿ ಕೆಟ್ಟೋ ಇತ್ತು. ಹತ್ತರಲ್ಲಿ ಒಬ್ಬರಿಗೆ ನೋವು ಅಥವಾ ಉರಿಯೂತದ ಲಕ್ಷಣವಿತ್ತು. ಶೇಕಡ 14ರಷ್ಟು ಕ್ಯಾನುಲಾಗಳಿಗೆ ಯಾವ ಕೆಲಸವೂ ಇರಲಿಲ್ಲ. ಅಂದರೆ ಅವುಗಳ ಮೂಲಕ ನೀಡಬೇಕಾದ ಯಾವುದೇ ಔಷಧ ಅಥವಾ ದ್ರಾವಣದ ಆದೇಶ ಕಡತದಲ್ಲಿ ಇರಲಿಲ್ಲ. 'ಇರಲಿ, ಬೇಕಾಗಬಹುದು' ಎಂಬ ಒಂದೇ ಕಾರಣಕ್ಕೆ ಉಳಿದಿದ್ದ ನಳಿಕೆಗಳಿವು. ಕೆಲಸವಿಲ್ಲದ ಕ್ಯಾನುಲಾದಿಂದ ರೋಗಿಗೆ ಲಾಭವಿಲ್ಲ, ಅಪಾಯ ಮಾತ್ರ ಪೂರ್ತಿಯಾಗಿ ಉಳಿಯುತ್ತದೆ. ಆದ್ದರಿಂದ ತಡೆಗಟ್ಟುವ ಕ್ರಮಗಳಲ್ಲಿ ಹೆಚ್ಚು ಫಲ ಕೊಡುವ, ಒಂದು ಪೈಸೆಯೂ ಖರ್ಚಿಲ್ಲದ ಕ್ರಮವೆಂದರೆ, ಪ್ರತಿದಿನ ಬೆಳಗಿನ ವೈದ್ಯರ ಭೇಟಿಯಲ್ಲಿ 'ಇದು ಇಂದೂ ಬೇಕೇ' ಎಂಬ ಪ್ರಶ್ನೆಯನ್ನು ಕೇಳಿ, ಬೇಡವಾದಲ್ಲಿ ಅಂದೇ ತೆಗೆಯುವುದು.

ಬೇಡದ ಬಾಟಲಿ

ಕ್ಯಾನುಲಾವನ್ನೇ ಹಾಕದಿದ್ದಲ್ಲಿ ಅದರ ತೊಡಕೂ ಇಲ್ಲ. ಸುಸ್ತು, ತಲೆಸುತ್ತು, ಸಾಧಾರಣ ಜ್ವರ ಎಂದು ಬಂದ ಹಲವರು 'ಒಂದು ಗ್ಲೂಕೋಸ್ ಹಾಕಿ' ಎಂದು ತಾವಾಗಿಯೇ ಕೇಳುವುದು ರಾಜ್ಯದಾದ್ಯಂತ ಇರುವ ವಾಡಿಕೆ. ಶೇಕಡ 5ರ ಗ್ಲೂಕೋಸ್ ಇರುವ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆಯ ಅಂಶ, ಅಂದರೆ ಸುಮಾರು ಐದು ಟೀ ಚಮಚದಷ್ಟು. ಬಾಯಿಯಿಂದ ಕುಡಿಯಬಲ್ಲವರಿಗೆ ಒಂದೆರಡು ಲೋಟ ಪಾನಕವೂ ಅಷ್ಟನ್ನು ಕೊಡುತ್ತದೆ. ಭೇದಿಯಿಂದ ನೀರಿನಂಶ ಕಳೆದುಕೊಂಡು ಇನ್ನೂ ಕುಡಿಯುವ ಸ್ಥಿತಿಯಲ್ಲಿರುವವರಿಗೆ ಓ.ಆರ್.ಎಸ್. ದ್ರಾವಣವೇ ಮೊದಲ ಚಿಕಿತ್ಸೆ. ಬಾಟಲಿ ಏರಿಸಿದರೆ ಮಾತ್ರ ಚಿಕಿತ್ಸೆ ಎಂಬ ನಂಬಿಕೆಗೆ ಕೆಲವು ಖಾಸಗಿ ಚಿಕಿತ್ಸಾಲಯಗಳೂ ಇಂಬು ಕೊಟ್ಟಿವೆ ಎಂಬುದು ವಿಷಾದನೀಯ. ದಾಖಲಾದ ರೋಗಿಗಳಲ್ಲಿಯೂ ಜ್ವರ ಇಳಿದು, ಊಟ ಸೇರುವಂತಾದ ಮೇಲೆ, ಚುಚ್ಚುಮದ್ದಿನ ಪ್ರತಿಜೀವಕವನ್ನು ಮಾತ್ರೆಗೆ ಬದಲಾಯಿಸಲು ಸಾಧ್ಯವೇ ಎಂಬುದನ್ನು ಎರಡು-ಮೂರು ದಿನಗಳಲ್ಲಿಯೇ ವೈದ್ಯರು ಪರಿಶೀಲಿಸುವುದು ಒಳ್ಳೆಯ ಪದ್ಧತಿ. ಮಾತ್ರೆ ಬರೆದುಕೊಟ್ಟರೆಂಬ ಕಾರಣಕ್ಕೆ ಚಿಕಿತ್ಸೆ ಕಡಿಮೆಯಾಯಿತೆಂದು ಭಾವಿಸಬಾರದು.

ವಾರ್ಡಿನಲ್ಲಿ ಗಮನಿಸತಕ್ಕ ಅಂಶಗಳು

ಕ್ಯಾನುಲಾ ಅಳವಡಿಸುವ ಮುನ್ನ ಸಿಬ್ಬಂದಿಯು ಕೈಗಳನ್ನು ಶುಚಿಗೊಳಿಸಿಕೊಳ್ಳಬೇಕು. ಕೈಗವಸು ಧರಿಸಿದ್ದರೂ ಈ ನಿಯಮಕ್ಕೆ ವಿನಾಯಿತಿಯಿಲ್ಲ. ಚರ್ಮಕ್ಕೆ ಹಚ್ಚಿದ ಸೋಂಕುನಿವಾರಕವು ತಾನಾಗಿಯೇ ಒಣಗಬೇಕು. ಊದಿ ಅಥವಾ ಒರೆಸಿ ಒಣಗಿಸುವಂತಿಲ್ಲ. ಫ್ರಾನ್ಸಿನಲ್ಲಿ 1,000 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವು, ಆಲ್ಕೊಹಾಲ್‌ನಲ್ಲಿ ಕರಗಿಸಿದ ಕ್ಲೋರ್‌ಹೆಕ್ಸಿಡಿನ್ ದ್ರಾವಣವು ಪೊವಿಡೋನ್ ಅಯೋಡಿನ್‌ಗಿಂತ ಉತ್ತಮವೆಂದು ತೋರಿಸಿದೆ. ಮೊಣಕೈ ಅಥವಾ ಮಣಿಕಟ್ಟು ಬಾಗುವ ಜಾಗಕ್ಕಿಂತ ಮುಂಗೈಯ ನೇರವಾದ ಭಾಗ ಮೇಲು, ಏಕೆಂದರೆ ಬಾಗಿದಾಗಲೆಲ್ಲ ನಳಿಕೆಯು ನಾಳವನ್ನು ತಿವಿಯುತ್ತದೆ. ತುರ್ತು ಸಂದರ್ಭದಲ್ಲಿ, ದಾರಿಯಲ್ಲಿಯೋ ಆಂಬುಲೆನ್ಸಿನಲ್ಲಿಯೋ ಅವಸರವಾಗಿ ಹಾಕಿದ ಕ್ಯಾನುಲಾವನ್ನು 48 ಗಂಟೆಗಳೊಳಗೆ ಬದಲಾಯಿಸುವುದು ಸೂಕ್ತ. ಬೇರೆ ಆಸ್ಪತ್ರೆಯಿಂದ ವರ್ಗಾವಣೆಯಾಗಿ ಬಂದವರು ಈ ವಿಷಯವನ್ನು ದಾಖಲಾತಿಯ ವೇಳೆಯಲ್ಲಿಯೇ ತಿಳಿಸಬೇಕು.

ಕ್ಯಾನುಲಾದ ಮೇಲೆ ಬಿಳಿಯ ಪ್ಲಾಸ್ಟರನ್ನು ಸುತ್ತಿ ಸುತ್ತಿ ಅಂಟಿಸುವ ಅಭ್ಯಾಸದಿಂದ ಒಳಗೆ ಏನಾಗುತ್ತಿದೆಯೆಂಬುದು ಯಾರಿಗೂ ಕಾಣದಂತಾಗುತ್ತದೆ. ಪಾರದರ್ಶಕ ಪಟ್ಟಿ ಇದ್ದಲ್ಲಿ ಜಾಗವನ್ನು ಬಿಚ್ಚದೆಯೇ ನೋಡಬಹುದು. ಅದು ಲಭ್ಯವಿಲ್ಲದಿದ್ದರೆ ನಳಿಕೆ ಚರ್ಮದೊಳಗೆ ಇಳಿಯುವ ಜಾಗ ಕಾಣುವಂತೆ ಪ್ಲಾಸ್ಟರ್ ಅಂಟಿಸಲು ಕೋರಬಹುದು. ಪಟ್ಟಿಯ ಅಂಚಿನಲ್ಲಿ ದಿನಾಂಕ, ವೇಳೆ ಬರೆಯಿಸಿಕೊಳ್ಳುವುದು ರೋಗಿಯ ಕಡೆಯವರ ಹಕ್ಕೆಂದೇ ತಿಳಿಯಬಹುದು. ಒದ್ದೆಯಾದ, ಕಿತ್ತುಬಂದ ಪಟ್ಟಿಯನ್ನು ಅಂದೇ ಬದಲಾಯಿಸಬೇಕು. ಪ್ರತಿ ಬಾರಿ ಔಷಧ ನೀಡುವ ಮುನ್ನ ನಳಿಕೆಯ ಬಾಯಿಯನ್ನು ಆಲ್ಕೊಹಾಲ್ ಹತ್ತಿಯಿಂದ ಚೆನ್ನಾಗಿ ಉಜ್ಜಿ ಒಣಗಲು ಬಿಡಬೇಕು. ಮುಚ್ಚಳವನ್ನು ಹಾಸಿಗೆಯ ಮೇಲಿಟ್ಟು ಮತ್ತೆ ಅದನ್ನೇ ಹಾಕುವುದು ಸಣ್ಣ ವಿಷಯವೆಂದು ತೋರಿದರೂ ರೋಗಾಣುವಿಗೆ ಅಷ್ಟೇ ಸಾಕು.

ರೋಗಿಯ ಜೊತೆಗಿರುವವರಿಂದಲೂ ಕೆಲವು ತಪ್ಪುಗಳು ನಡೆಯುತ್ತವೆ. ಬಾಟಲಿ ಬೇಗ ಮುಗಿಯಲೆಂದು ಕೊಳವೆಯ ಮೇಲಿನ ಚಕ್ರವನ್ನು ತಿರುಗಿಸುವುದು ಅವುಗಳಲ್ಲಿ ಹೆಚ್ಚು ಅಪಾಯಕಾರಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿರುವವರಿಗೆ, ಮಕ್ಕಳಿಗೆ, ವೃದ್ಧರಿಗೆ ದ್ರಾವಣ ವೇಗವಾಗಿ ಹೋದಲ್ಲಿ ಉಸಿರಾಟಕ್ಕೇ ತೊಂದರೆಯಾದೀತು. ಬಾಟಲಿ ಖಾಲಿಯಾದರೆ ಗಾಳಿ ಒಳಗೆ ಹೋಗಿ ಪ್ರಾಣಾಪಾಯವಾಗುವುದೆಂದು ಅನೇಕರು ಗಾಬರಿಯಾಗುತ್ತಾರೆ. ತೂಗುಹಾಕಿದ ಬಾಟಲಿಯಿಂದ ತಾನಾಗಿ ಇಳಿಯುವ ದ್ರಾವಣದಲ್ಲಿ ಸಾಮಾನ್ಯವಾಗಿ ಆಗುವುದು ಬೇರೆ: ಹರಿವು ನಿಂತು ರಕ್ತವು ಕೊಳವೆಗೆ ಹಿಮ್ಮರಳಿ ಹೆಪ್ಪುಗಟ್ಟುತ್ತದೆ, ಕ್ಯಾನುಲಾ ಕೆಡುತ್ತದೆ, ರೋಗಿಗೆ ಮತ್ತೊಂದು ಚುಚ್ಚು ಬೀಳುತ್ತದೆ. ಬಾಟಲಿ ಮುಗಿಯುವ ಮುನ್ನವೇ ಸಿಬ್ಬಂದಿಗೆ ತಿಳಿಸಿದರೆ ಸಾಕು. ಬಾವು ಬಂದ ಜಾಗವನ್ನು ತಿಕ್ಕುವುದಾಗಲಿ, ಸುಣ್ಣ ಅಥವಾ ಅರಿಶಿನ ಹಚ್ಚುವುದಾಗಲಿ ಕೂಡದು.

ಕ್ಯಾನುಲಾದ ಜಾಗವನ್ನು ಅಂಕ ಕೊಟ್ಟು ಅಳೆಯುವ ಪದ್ಧತಿಯನ್ನು ಇಂಗ್ಲೆಂಡಿನ ಶುಶ್ರೂಷಕ ಆಂಡ್ರ್ಯೂ ಜಾಕ್ಸನ್ ಅವರು 1998ರಲ್ಲಿ ಪ್ರಕಟಿಸಿದರು. ಹಲವು ಆಸ್ಪತ್ರೆಗಳು ಇಂದಿಗೂ ಅದನ್ನೇ ಬಳಸುತ್ತವೆ. ಅದರ ಸಾರವನ್ನು ಓದುಬರಹ ಬಾರದವರೂ ಅನುಸರಿಸಬಹುದು. ನೋವು, ಕೆಂಪು, ಬಾವು ಈ ಮೂರರಲ್ಲಿ ಒಂದು ಅಲ್ಪವಾಗಿ ಕಂಡರೆ ಗಮನವಿಟ್ಟು ನೋಡುತ್ತಿರಬೇಕು. ಎರಡು ಕಂಡರೆ ಕ್ಯಾನುಲಾ ಬೇರೆಡೆಗೆ ಹೋಗಬೇಕು. ಕೀವು, ಚಳಿಜ್ವರ ಅಥವಾ ಮೇಲಕ್ಕೆ ಹರಿಯುವ ಕೆಂಪು ಗೆರೆ ಕಂಡಲ್ಲಿ ಆ ಕ್ಷಣವೇ ವೈದ್ಯರನ್ನು ಕರೆಯಬೇಕು. ಔಷಧ ಹೋಗುವಾಗ ಉರಿಯುತ್ತಿದೆಯೆಂದು ರೋಗಿಯು ಹೇಳಿದಲ್ಲಿ 'ಸ್ವಲ್ಪ ತಡೆದುಕೊಳ್ಳಿ' ಎಂಬುದು ಉತ್ತರವಲ್ಲ; ಹರಿವನ್ನು ನಿಲ್ಲಿಸಿ ಜಾಗವನ್ನು ನೋಡುವುದೇ ಉತ್ತರ. ಮಾತು ಬಾರದ ಶಿಶುಗಳ ವಿಷಯದಲ್ಲಿ ತಾಯಿಯೇ ಆ ಮಾತನ್ನಾಡಬೇಕಾಗುತ್ತದೆ. ಮಗುವಿನ ಕೈಗೆ ರಟ್ಟು ಕಟ್ಟಿದ್ದಲ್ಲಿ ಬೆರಳ ತುದಿಗಳು ಹೊರಗೆ ಕಾಣುವಂತಿರಬೇಕು. ಬೆರಳು ತಣ್ಣಗಾಗಿ ಬಿಳಿಚಿಕೊಂಡರೆ, ಕೈ ದಪ್ಪವಾದರೆ, ಕಾರಣವಿಲ್ಲದೆ ಮಗು ಅಳುತ್ತಿದ್ದರೆ ಕಟ್ಟನ್ನು ಬಿಚ್ಚಿಸಿ ನೋಡಿಸಬೇಕು.

ದೀರ್ಘಕಾಲದ ಮೂತ್ರಪಿಂಡದ ಕಾಯಿಲೆಯಿರುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಮುಂದೆ ಡಯಾಲಿಸಿಸ್‌ಗೆ ಬೇಕಾಗುವ ನಾಳಜೋಡಣೆಯನ್ನು ಮಾಡುವುದು ಸಾಮಾನ್ಯವಾಗಿ ಮುಂಗೈ ಅಥವಾ ತೋಳಿನಲ್ಲಿ. ಅಲ್ಲಿನ ನಾಳಗಳು ಕ್ಯಾನುಲಾದಿಂದ ಕೆಟ್ಟಿದ್ದರೆ ಆ ಜೋಡಣೆಯೇ ಕಷ್ಟವಾಗುತ್ತದೆ. ಆದಕಾರಣ ಇವರಿಗೆ ಸಾಧ್ಯವಾದಷ್ಟೂ ಅಂಗೈಯ ಹಿಂಭಾಗದ ನಾಳಗಳನ್ನೇ ಬಳಸುವಂತೆ ಸಿಬ್ಬಂದಿಗೆ ಮೊದಲೇ ತಿಳಿಸತಕ್ಕದ್ದು.

ಬೆಳಿಗ್ಗೆ ಸಂಜೆ ಚುಚ್ಚುಮದ್ದಿಗೆ ಬಂದು ಹೋಗುವ ರೋಗಿಗಳನ್ನು ಕ್ಯಾನುಲಾ ಸಹಿತ ಮನೆಗೆ ಕಳುಹಿಸುವ ರೂಢಿ ಕೆಲವೆಡೆ ಇದೆ. ಅಂತಹವರು ಆ ಕೈಯನ್ನು ಒದ್ದೆಮಾಡದೆ, ಹೊಲ ಮತ್ತು ಕೊಟ್ಟಿಗೆಯ ಕೆಲಸಗಳಿಂದ ದೂರವಿರಬೇಕು. ಕೊನೆಯ ಚುಚ್ಚುಮದ್ದಿನ ದಿನ ಕ್ಯಾನುಲಾವನ್ನು ಆಸ್ಪತ್ರೆಯಲ್ಲಿಯೇ ತೆಗೆಸಿಕೊಳ್ಳಬೇಕು. ಮನೆಯಲ್ಲಿ ತಾವೇ ಕಿತ್ತು ಕಸದ ಬುಟ್ಟಿಗೆ ಎಸೆಯಬಾರದು. ತೆಗೆದ ನಂತರದ 48 ಗಂಟೆಗಳವರೆಗೂ ಉರಿಯೂತ ಕಾಣಿಸಿಕೊಳ್ಳಬಹುದಾದ್ದರಿಂದ, ಬಿಡುಗಡೆಯಾಗಿ ಮನೆಗೆ ಹೋದವರೂ ಎರಡು ದಿನ ಆ ಜಾಗವನ್ನು ನೋಡಿಕೊಳ್ಳುತ್ತಿರಬೇಕು. ಚಳಿಜ್ವರ ಬಂದಲ್ಲಿ ಮರಳಿ ಆಸ್ಪತ್ರೆಗೆ ಬಂದು, ಕ್ಯಾನುಲಾ ಹಾಕಲಾಗಿತ್ತೆಂಬುದನ್ನು ವೈದ್ಯರಿಗೆ ತಿಳಿಸಬೇಕು.

ದಾಖಲೆ ಮತ್ತು ದೂರು

ಭಾರತ ಸರ್ಕಾರವು 2020ರ ಜನವರಿಯಲ್ಲಿ ಹೊರಡಿಸಿದ ಸೋಂಕು ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಮಾರ್ಗಸೂಚಿಯು ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಆಸ್ಪತ್ರೆಗಳಿಗೆ ದಾರಿ ತೋರುವಂತಹದು. ಆದರೆ ತೊಂದರೆಯಾದ ಮೇಲೆ ಏನು ನಡೆಯಿತೆಂದು ತಿಳಿಯಲು ರೋಗಿಯ ಕಡತವೇ ಆಧಾರ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು, ಮತ್ತು ರೋಗಿ ಅಥವಾ ಅಧಿಕೃತ ಪ್ರತಿನಿಧಿ ಕೇಳಿದಲ್ಲಿ 72 ಗಂಟೆಗಳೊಳಗೆ ಒದಗಿಸಬೇಕು. ಅರ್ಜಿಯನ್ನು ಬಿಳಿ ಹಾಳೆಯಲ್ಲಿ ಬರೆದು ಸ್ವೀಕೃತಿ ಪಡೆದುಕೊಳ್ಳುವುದು ಒಳ್ಳೆಯದು. ಬಿಡುಗಡೆ ಸಾರಾಂಶವನ್ನಷ್ಟೇ ಕೇಳಿದರೆ ಅದರಲ್ಲಿ ಕ್ಯಾನುಲಾದ ಪ್ರಸ್ತಾಪ ಇರುವುದಿಲ್ಲ. ಶುಶ್ರೂಷಾ ಟಿಪ್ಪಣಿಗಳು ಹಾಗೂ ಔಷಧ ನೀಡಿಕೆಯ ತಖ್ತೆಯ ಪ್ರತಿಗಳೂ ಬೇಕೆಂದು ಅರ್ಜಿಯಲ್ಲಿ ಸ್ಪಷ್ಟವಾಗಿ ನಮೂದಿಸಬೇಕು.

ಸರ್ಕಾರಿ ಆಸ್ಪತ್ರೆಗೆ ಸಂಬಂಧಿಸಿದ ದೂರನ್ನು ಮೊದಲು ಆ ಆಸ್ಪತ್ರೆಯ ಮುಖ್ಯಸ್ಥರಿಗೆ ಲಿಖಿತವಾಗಿ ಸಲ್ಲಿಸಬಹುದು. ದಾಖಲೆ ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಅರ್ಜಿ ಸಲ್ಲಿಸಲು ಅವಕಾಶವಿದ್ದು, 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಖಾಸಗಿ ಆಸ್ಪತ್ರೆಗಳಿಗೆ ಸಂಬಂಧಿಸಿದಂತೆ, 2017ರಲ್ಲಿ ತಿದ್ದುಪಡಿಯಾದ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅನ್ವಯ, ಜಿಲ್ಲಾ ಮಟ್ಟದ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ದೂರು ಸಲ್ಲಿಸಬಹುದು. ದೂರಿನಲ್ಲಿ ಕ್ಯಾನುಲಾ ಹಾಕಿದ ದಿನ, ತೊಂದರೆ ಮೊದಲು ಕಂಡ ದಿನ, ಅದನ್ನು ಯಾವ ಪಾಳಿಯಲ್ಲಿ ಸಿಬ್ಬಂದಿಗೆ ತಿಳಿಸಲಾಯಿತು ಮತ್ತು ಕ್ಯಾನುಲಾ ತೆಗೆದ ದಿನ ಇವಿಷ್ಟನ್ನು ತಪ್ಪದೆ ಬರೆಯಬೇಕು. ಬಾವು ಅಥವಾ ಗಾಯದ ಛಾಯಾಚಿತ್ರವನ್ನು ತೆಗೆದಿದ್ದಲ್ಲಿ ಅದನ್ನೂ ದಿನಾಂಕ ಸಹಿತ ಲಗತ್ತಿಸಬಹುದು.